ಪ್ಲಗ್‌ನಲ್ಲಿ ಆಯಿಲ್, ಡಿಪ್‌ಸ್ಟಿಕ್‌ನಲ್ಲಿ ಇಲ್ಲ: ಎಂಜಿನ್ ಇಳಿಸುವ ಮುಂಚೆ ನೀವೇ ಮಾಡಬಹುದಾದ ತಪಾಸಣೆ

ಸ್ಪಾರ್ಕ್ ಪ್ಲಗ್ ಬಿಚ್ಚಿದಾಗ ತುದಿ ಕಪ್ಪಗೆ, ಒದ್ದೆಯಾಗಿ ಹೊಳೆಯುತ್ತಿದ್ದರೆ ಗ್ಯಾರೇಜಿನಲ್ಲಿ ಬರುವ ಮಾತು ಸಾಮಾನ್ಯವಾಗಿ ಒಂದೇ. "ರಿಂಗ್ ಹೋಗಿದೆ ಸಾರ್, ಎಂಜಿನ್ ಇಳಿಸ್ಬೇಕು." ಕೆಲವು ಸಲ ಅದು ನಿಜವೂ ಹೌದು. ಆದರೆ ಸಿಲಿಂಡರ್ ಒಳಕ್ಕೆ ಆಯಿಲ್ ಬರುವುದಕ್ಕೆ ಪಿಸ್ಟನ್ ಸುತ್ತ ಕೂತಿರುವ ಈ ರಿಂಗ್ ಒಂದೇ ದಾರಿ ಅಲ್ಲ. ವಾಲ್ವ್ ಸೀಲ್ ಇದೆ, ಎಂಜಿನ್ ಒಳಗಿನ ಗ್ಯಾಸನ್ನು ಮತ್ತೆ ಸುಡಲು ಕಳಿಸುವ ಪಿಸಿವಿ ವಾಲ್ವ್ ಇದೆ, ಸಿಲಿಂಡರ್‌ಗಳ ಮೇಲೆ ಕೂರುವ ಹೆಡ್‌ನ ಗ್ಯಾಸ್ಕೆಟ್ ಇದೆ, ಟರ್ಬೊ ಇದ್ದರೆ ಅದರ ಸೀಲ್ ಇದೆ. ಇವುಗಳಲ್ಲಿ ಒಂದನ್ನು ಕೆಲವು ನೂರು ರೂಪಾಯಿಯಲ್ಲಿ ಮುಗಿಸಬಹುದು, ಇನ್ನೊಂದಕ್ಕೆ ಹತ್ತಾರು ಸಾವಿರ ಬೇಕು. ಯಾವ ದಾರಿಯಲ್ಲಿ ಬರುತ್ತಿದೆ ಅಂತ ಗೊತ್ತಾಗುವ ತನಕ ಸ್ಪ್ಯಾನರ್ ಎತ್ತಲು ಬಿಡಬೇಡಿ.

ಈ ಲೇಖನ ಪೆಟ್ರೋಲ್ ಕಾರುಗಳಿಗೆ. ನಮ್ಮಲ್ಲಿ ಜಾಸ್ತಿ ಓಡಾಡುವ ಮೂರು ಅಥವಾ ನಾಲ್ಕು ಸಿಲಿಂಡರಿನ ಸಣ್ಣ ಎಂಜಿನ್‌ಗಳನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿದ್ದೇನೆ. ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ಗೇ ಇಲ್ಲ, ಅದರ ಕತೆ ಬೇರೆ.

ಮೊದಲು ಅಳತೆ

"ಆಯಿಲ್ ಕುಡೀತಾ ಇದೆ" ಅನ್ನುವುದು ಅನುಮಾನ. 1000 ಕಿ.ಮೀ.ಗೆ ಇಷ್ಟು ಅನ್ನುವುದು ಅಳತೆ. ಇದಿಲ್ಲದೆ ಮುಂದಿನ ಯಾವ ಹೆಜ್ಜೆಗೂ ಬೆಲೆ ಇಲ್ಲ.

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಎಂಜಿನ್ ಬಿಸಿಯಾದ ಮೇಲೆ ಆಫ್ ಮಾಡಿ, ಹತ್ತು ನಿಮಿಷ ಬಿಡಿ. ಮೇಲಿರುವ ಆಯಿಲ್ ಕೆಳಗಿನ ಸಂಪ್‌ಗೆ ಇಳಿಯಲಿ. ಡಿಪ್‌ಸ್ಟಿಕ್ ಎಳೆದು ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳೆದು ನೋಡಿ. ಸರಿಯಾಗಿ ಮೇಲಿನ ಗುರುತಿಗೆ ಬರುವಷ್ಟು ಆಯಿಲ್ ತುಂಬಿಸಿ, ಕಿಲೋಮೀಟರ್ ಓದಿ ಬರೆದಿಟ್ಟುಕೊಳ್ಳಿ. 500 ಕಿ.ಮೀ. ಆದ ಮೇಲೆ ಅದೇ ಜಾಗ, ಅದೇ ರೀತಿ. ಮತ್ತೆ ಮೇಲಿನ ಗುರುತಿಗೆ ತರಲು ಎಷ್ಟು ಹಾಕಬೇಕಾಯಿತು ಅಂತ ಅಳತೆ ಗೆರೆ ಇರುವ ಬಾಟಲಿಯಲ್ಲಿ ನೋಡಿ. ಅದರ ಎರಡರಷ್ಟು ನಿಮ್ಮ ಲೆಕ್ಕ.

ಎಷ್ಟು ಜಾಸ್ತಿ, ಎಷ್ಟು ಸರಿ? ಇಲ್ಲಿ ಕಂಪನಿಗಳು ಬಹಳ ಉದಾರಿಗಳು. 1000 ಕಿ.ಮೀ.ಗೆ ಅರ್ಧದಿಂದ 1 ಲೀಟರ್ ತನಕ ಮಾಮೂಲು ಅಂತ ಬರೆದಿರುವ ಮ್ಯಾನ್ಯುವಲ್‌ಗಳಿವೆ. ವಾರಂಟಿ ಜಗಳಕ್ಕೆ ಅದು ಸರಿ ಇರಬಹುದು. ಸುಮಾರು 3 ಲೀಟರ್ ಆಯಿಲ್ ಹಿಡಿಯುವ ಸಣ್ಣ ಎಂಜಿನ್ 1000 ಕಿ.ಮೀ.ಗೆ 1 ಲೀಟರ್ ಸುಟ್ಟರೆ ನಾನಂತೂ ಮಾಮೂಲು ಅನ್ನುವುದಿಲ್ಲ. 5000 ಕಿ.ಮೀ.ಗೆ ಅರ್ಧ ಲೀಟರ್ ಹೋದರೆ ತಲೆ ಕೆಡಿಸಿಕೊಳ್ಳಬೇಡಿ. 1000 ಕಿ.ಮೀ.ಗೆ ಕಾಲು ಲೀಟರ್ ದಾಟಿದರೆ ಹುಡುಕಲು ಶುರುಮಾಡಿ.

ಒಂದು ಮೋಸ ಗೊತ್ತಿರಲಿ. ದಿನಾ ಎರಡು ಮೂರು ಕಿ.ಮೀ. ಮಾತ್ರ ಓಡುವ ಗಾಡಿಯಲ್ಲಿ ಎಂಜಿನ್ ಸರಿಯಾಗಿ ಬಿಸಿಯಾಗುವುದಿಲ್ಲ. ಸುಡದ ಪೆಟ್ರೋಲ್ ಸ್ವಲ್ಪ ಸ್ವಲ್ಪವೇ ಸಂಪ್‌ಗೆ ಇಳಿದು ಆಯಿಲ್ ಜೊತೆ ಸೇರುತ್ತದೆ. ಹಾಗಾಗಿ ಲೆವೆಲ್ ಇಳಿದೇ ಇಲ್ಲ ಅನ್ನಿಸುತ್ತದೆ. ಒಂದು ದಿನ ಹೈವೇಯಲ್ಲಿ 200 ಕಿ.ಮೀ. ಹೋಗಿ ಬಂದರೆ ಆ ಪೆಟ್ರೋಲ್ ಆವಿಯಾಗಿ, ಲೆವೆಲ್ ದಿಢೀರನೆ ಕೆಳಗೆ. ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಇದೇ ಕತೆ.

ಅಳೆಯುವ ಈ ದಿನಗಳಲ್ಲಿ ರಾತ್ರಿ ಗಾಡಿಯ ಕೆಳಗೆ ಹಳೇ ರಟ್ಟು ಹಾಸಿಡಿ. ಬೆಳಗ್ಗೆ ಆಯಿಲ್ ಕಲೆ ಇದ್ದರೆ ಆಯಿಲ್ ಸೋರುತ್ತಿದೆ, ಲೆವೆಲ್ ಇಳಿಯಲು ಅದೂ ಕಾರಣ ಇರಬಹುದು. ಆಯಿಲ್ ಫಿಲ್ಟರ್, ಡ್ರೈನ್ ಬೋಲ್ಟ್, ಹೆಡ್ ಮೇಲೆ ಮುಚ್ಚಿರುವ ಟ್ಯಾಪೆಟ್ ಕವರ್ ಅಂಚು, ಕ್ರ್ಯಾಂಕ್ ಸೀಲ್, ಇಷ್ಟು ನೋಡಿ.

ಹೊಗೆ ಯಾವಾಗ ಬರುತ್ತೆ?

ನೀಲಿ ಹೊಗೆ ಅಂದರೆ ಆಯಿಲ್. ಕಪ್ಪು ಅಂದರೆ ಪೆಟ್ರೋಲ್ ಜಾಸ್ತಿ. ಬಿಳಿ ಹೊಗೆ ಬೆಳಗಿನ ಚಳಿಯಲ್ಲಿ ಬಂದು ನಿಂತರೆ ಬರೀ ನೀರಿನ ಆವಿ. ಬಿಸಿಯಾದ ಮೇಲೂ ದಟ್ಟವಾಗಿ ಬರುತ್ತಿದ್ದು, ಸಿಹಿ ವಾಸನೆ ಇದ್ದರೆ ಕೂಲೆಂಟ್. ಇಷ್ಟು ಎಲ್ಲರಿಗೂ ಗೊತ್ತು. ಬಣ್ಣಕ್ಕಿಂತ ಜಾಸ್ತಿ ಕೆಲಸಕ್ಕೆ ಬರುವುದು ಹೊಗೆ ಬರುವ ಹೊತ್ತು.

ರಾತ್ರಿಯೆಲ್ಲ ನಿಂತ ಗಾಡಿಯನ್ನು ಬೆಳಗ್ಗೆ ಸೆಲ್ಫ್ ಹೊಡೆದ ತಕ್ಷಣ ಒಂದು ಉಂಡೆ ನೀಲಿ ಹೊಗೆ, ಆಮೇಲೆ ಏನೂ ಇಲ್ಲ. ಇದು ವಾಲ್ವ್ ಸೀಲ್. ವಾಲ್ವ್‌ನ ಕಡ್ಡಿಯ ಸುತ್ತ ಇರುವ ರಬ್ಬರ್ ಸೀಲ್ ಬಿಸಿಗೆ ಗಟ್ಟಿಯಾಗಿ ಬಿರಿದಿರುತ್ತದೆ. ಹೆಡ್ ಮೇಲೆ ನಿಂತ ಆಯಿಲ್ ರಾತ್ರಿಯಿಡೀ ಹನಿ ಹನಿಯಾಗಿ ಕೆಳಗೆ ಇಳಿದು ಬೆಳಗ್ಗೆ ಸುಡುತ್ತದೆ.

ಅದೇ ಸೀಲ್ ಇನ್ನೊಂದು ಕಡೆಯೂ ಸಿಕ್ಕಿಬೀಳುತ್ತದೆ. ಆಗುಂಬೆ ಘಾಟಿ ಇಳಿಯುವುದನ್ನು ನೆನಪಿಸಿಕೊಳ್ಳಿ. 14 ಹೇರ್‌ಪಿನ್ ತಿರುವು, ಗಾಡಿ ಎರಡನೇ ಗೇರಿನಲ್ಲಿ, ಆಕ್ಸಿಲರೇಟರಿನಿಂದ ಕಾಲು ತೆಗೆದಿದ್ದೀರಿ. ಗಾಳಿಯ ಬಾಗಿಲು, ಅಂದರೆ ಥ್ರಾಟಲ್, ಮುಚ್ಚಿದೆ, ಎಂಜಿನ್ ಮಾತ್ರ ಜೋರಾಗಿ ತಿರುಗುತ್ತಿದೆ. ಆಗ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡ್ ಒಳಗೆ ಎಳೆತ ಅತಿ ಹೆಚ್ಚು. ಆ ಎಳೆತ ಸವೆದ ಸೀಲ್ ಮೂಲಕ ಆಯಿಲನ್ನು ಕೆಳಗೆ ಹೀರುತ್ತದೆ. ಸೋಮೇಶ್ವರಕ್ಕೆ ಇಳಿದು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಕನ್ನಡಿಯಲ್ಲಿ ನೀಲಿ ಮೋಡ ಕಂಡರೆ ಸೀಲ್ ಕಡೆಗೇ ಬೆರಳು ಮಾಡಬೇಕು. ಶಿರಾಡಿ ಇಳಿದು ಗುಂಡ್ಯದಲ್ಲಿ, ಚಾರ್ಮಾಡಿ ಇಳಿದು ಬಯಲಿಗೆ ಬಂದಾಗಲೂ ಇದೇ ಪರೀಕ್ಷೆ ಮಾಡಬಹುದು. ಘಟ್ಟ ಹತ್ತಿರ ಇಲ್ಲದವರು ಬೆಂಗಳೂರಿನ ದೊಡ್ಡ ಸಿಗ್ನಲ್‌ನಲ್ಲಿ ಐದು ನಿಮಿಷ ಐಡಲ್‌ನಲ್ಲಿ ನಿಂತು ಹೊರಟಾಗ ನೋಡಿ. ಐಡಲ್‌ನಲ್ಲೂ ಎಳೆತ ಜಾಸ್ತಿಯೇ ಇರುತ್ತದೆ.

ರಿಂಗ್ ಸವೆದಿದ್ದರೆ ಲಕ್ಷಣ ಬೇರೆ. ಏರು ಹತ್ತುವಾಗ, ಲೋಡ್ ಇದ್ದಾಗ, ಜೋರಾಗಿ ರೇಸ್ ಮಾಡಿದಾಗ ಹೊಗೆ ಬರುತ್ತದೆ. ಒತ್ತಿದಷ್ಟೂ ಬರುತ್ತದೆ, ಬಿಟ್ಟರೆ ಕಮ್ಮಿಯಾಗುತ್ತದೆ. ನೀವೇ ಓಡಿಸುತ್ತಾ ಇದನ್ನು ನೋಡುವುದು ಕಷ್ಟ. ಹಿಂದಿನ ಗಾಡಿಯಲ್ಲಿ ಒಬ್ಬರನ್ನು ಕೂರಿಸಿ, ಫೋನಿನಲ್ಲಿ ವಿಡಿಯೊ ಮಾಡಲು ಹೇಳಿ.

ಹೊಗೆಯೇ ಕಾಣದೆ ಆಯಿಲ್ ಕಮ್ಮಿಯಾಗುವುದೂ ಉಂಟು. ಹೊಸ ಗಾಡಿಗಳ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸ್ವಲ್ಪ ಮಟ್ಟಿನ ಆಯಿಲನ್ನು ಸದ್ದಿಲ್ಲದೆ ಸುಟ್ಟುಬಿಡುತ್ತದೆ. "ಹೊಗೆ ಇಲ್ಲ, ಹಾಗಾದ್ರೆ ಆಯಿಲ್ ಸುಡ್ತಿಲ್ಲ" ಅನ್ನುವ ಮಾತನ್ನು ನಂಬಬೇಡಿ.

ಪ್ಲಗ್ ಬಿಚ್ಚಿ ಓದುವುದು

ಎಂಜಿನ್ ಪೂರ್ತಿ ತಣ್ಣಗಾಗಲಿ. ಹೆಡ್ ಅಲ್ಯೂಮಿನಿಯಂದು, ಬಿಸಿ ಇದ್ದಾಗ ಪ್ಲಗ್ ಬಿಚ್ಚಿದರೆ ಚೂಡಿಯೇ (ಥ್ರೆಡ್) ಕಿತ್ತು ಬರಬಹುದು. ಕಾಯಿಲ್ ಅಥವಾ ವೈರ್ ತೆಗೆದು, ಪ್ಲಗ್ ಕೂತಿರುವ ಬಾವಿಯೊಳಗೆ ಗಾಳಿ ಹೊಡೆದು ಮಣ್ಣು ತೆಗೆಯಿರಿ. ಇಲ್ಲದಿದ್ದರೆ ಅದು ಸೀದಾ ಸಿಲಿಂಡರ್‌ಗೆ ಬೀಳುತ್ತದೆ. ಪ್ಲಗ್ ಪಾನ (ಸ್ಪ್ಯಾನರ್) ಹಳೇ ಗಾಡಿಗಳಿಗೆ 21 ಅಥವಾ 16 ಎಂಎಂ, ಕೆಲವು ಹೊಸ ಗಾಡಿಗಳಿಗೆ 14 ಎಂಎಂ ಬೇಕಾಗುತ್ತದೆ.

ಬಿಚ್ಚುವ ಮುಂಚೆ ಒಂದು ಸಣ್ಣ ಕೆಲಸ. ಪ್ರತಿ ಪ್ಲಗ್‌ನ ಬಿಳಿ ಪಿಂಗಾಣಿ ತಲೆಯ ಮೇಲೆ, ಇಂಟೇಕ್ ಮ್ಯಾನಿಫೋಲ್ಡ್ ಇರುವ ಕಡೆಗೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆಯಿರಿ. ಬಾವಿ ಆಳವಿದ್ದರೆ ಪಾನದ ಮೇಲೆ ಗುರುತು ಮಾಡಿಕೊಳ್ಳಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ಬಿಚ್ಚಿದ ಪ್ಲಗ್‌ಗಳನ್ನು ನ್ಯೂಸ್‌ಪೇಪರ್ ಮೇಲೆ 1, 2, 3 ಅಂತ ಬರೆದು ಅದೇ ಸಾಲಿನಲ್ಲಿ ಇಡಿ. ಎಲ್ಲ ಪ್ಲಗ್ಗನ್ನೂ ಒಂದೇ ಡಬ್ಬಿಗೆ ಹಾಕಿ ತಂದುಕೊಡುವ ಮೆಕ್ಯಾನಿಕ್ ಅರ್ಧ ಸಾಕ್ಷಿ ಅಳಿಸಿ ಹಾಕಿದ ಹಾಗೆ.

ಈಗ ನೋಡಿ. ತುದಿ ತಿಳಿ ಕಂದು ಅಥವಾ ಬೂದು ಬಣ್ಣ, ಒಣಗಿದೆ ಅಂದರೆ ಆ ಸಿಲಿಂಡರ್ ಆರೋಗ್ಯವಾಗಿದೆ. ಒಣ ಮಸಿ, ಬೆರಳಿಗೆ ಕಾಡಿಗೆಯಂತೆ ಪುಡಿ ಹತ್ತುತ್ತೆ ಅಂದರೆ ಪೆಟ್ರೋಲ್ ಜಾಸ್ತಿ ಅಥವಾ ಗಾಡಿ ಬರೀ ಹತ್ತಿರದ ಓಡಾಟಕ್ಕೆ ಸೀಮಿತ. ಆಯಿಲ್‌ಗೂ ಅದಕ್ಕೂ ಸಂಬಂಧ ಇಲ್ಲ. ಕಪ್ಪಗೆ, ಒದ್ದೆಯಾಗಿ, ಹೊಳೆಯುತ್ತಿದ್ದರೆ ಆಯಿಲ್. ಬಿಳಿ ಅಥವಾ ಹಳದಿ ಮಿಶ್ರಿತ ಗಟ್ಟಿ ಚಕ್ಕೆ ಕೂತಿದ್ದರೆ ಅದೂ ಆಯಿಲ್ಲೇ. ಆಯಿಲ್ ಸುಟ್ಟ ಮೇಲೆ ಅದರೊಳಗಿನ ಅಡಿಟಿವ್‌ಗಳು ಬಿಟ್ಟ ಬೂದಿ ಅದು. ತುಂಬ ದಿನದಿಂದ ಸ್ವಲ್ಪ ಸ್ವಲ್ಪವೇ ಸುಡುತ್ತಿದೆ, ಆದರೆ ಪ್ಲಗ್ ಒದ್ದೆಯಾಗುವಷ್ಟು ಬರುತ್ತಿಲ್ಲ ಅಂತ ಅರ್ಥ.

ಒದ್ದೆ ಇದೆ, ಪೆಟ್ರೋಲೋ ಆಯಿಲೋ ಗೊತ್ತಾಗುತ್ತಿಲ್ವಾ? ಪ್ಲಗ್‌ನ ತುದಿಯನ್ನು ಬಿಳಿ ಹಾಳೆಯ ಮೇಲೆ ಒತ್ತಿ ಕಾಲು ಗಂಟೆ ಬಿಡಿ. ಪೆಟ್ರೋಲ್ ಕಲೆ ಆರಿಹೋಗುತ್ತದೆ. ಆಯಿಲ್ ಕಲೆ ಹಾಗೇ ಉಳಿಯುತ್ತದೆ, ಹಾಳೆಯನ್ನು ಬೆಳಕಿಗೆ ಹಿಡಿದರೆ ಆ ಜಾಗ ಪಾರದರ್ಶಕವಾಗಿ ಕಾಣುತ್ತದೆ.

ಆಮೇಲೆ ಆಯಿಲ್ ಎಲ್ಲಿದೆ ಅನ್ನುವುದು. ಮೇಲಿನ ಪಿಂಗಾಣಿ ಮತ್ತು ಚೂಡಿಯ ಮೇಲೆ ಮಾತ್ರ ಆಯಿಲ್ ಇದ್ದು, ಕೆಳಗಿನ ತುದಿ ಒಣಗಿದ್ದರೆ ಸಂತೋಷಪಡಿ. ಅದು ಸಿಲಿಂಡರ್ ಒಳಗಿನಿಂದ ಬಂದದ್ದಲ್ಲ. ಟ್ಯಾಪೆಟ್ ಕವರ್‌ನ ಗ್ಯಾಸ್ಕೆಟ್ ಅಥವಾ ಪ್ಲಗ್ ಬಾವಿಯ ರಬ್ಬರ್ ಸೀಲ್ ಹೋಗಿ, ಮೇಲಿಂದ ಸೋರಿ ಬಾವಿ ತುಂಬಿದೆ. ಕಾಯಿಲ್‌ನ ರಬ್ಬರ್ ಬೂಟ್ ಆಯಿಲ್ ಕುಡಿದು ಉಬ್ಬಿರುತ್ತದೆ, ಕಿಡಿ ಅಡ್ಡದಾರಿ ಹಿಡಿದು ಮಿಸ್ಸಿಂಗ್ ಬರುತ್ತದೆ. ಟ್ಯಾಪೆಟ್ ಕವರ್ ಗ್ಯಾಸ್ಕೆಟ್ ಸೆಟ್ ಹಾಕಿ, ಬೂಟ್ ಒರೆಸಿ ಅಥವಾ ಬದಲಾಯಿಸಿ. ಕೆಲಸ ಮುಗಿಯಿತು. ಇದನ್ನೇ "ಪ್ಲಗ್‌ನಲ್ಲಿ ಆಯಿಲ್ ಬಂದಿದೆ" ಅಂತ ತೋರಿಸಿ ಎಂಜಿನ್ ಕೆಲಸಕ್ಕೆ ಒಪ್ಪಿಸುವವರೂ ಇದ್ದಾರೆ. ಹಾಗಾಗಿ ಪ್ಲಗ್ ಬಿಚ್ಚುವಾಗ ಪಕ್ಕದಲ್ಲೇ ನಿಂತಿರಿ.

ತುದಿಯಲ್ಲೇ ಆಯಿಲ್ ಇದ್ದರೆ ಆ ಮಾರ್ಕರ್ ಗೆರೆ ನೋಡಿ. ಗೆರೆ ಇರುವ ಕಡೆ ಮಾತ್ರ ಬೂದಿ, ಮಸಿ ಜಾಸ್ತಿ ಕೂತು ಇನ್ನೊಂದು ಮಗ್ಗುಲು ಬಹುತೇಕ ಶುದ್ಧವಾಗಿದ್ದರೆ ಇಂಟೇಕ್ ವಾಲ್ವ್ ಕಡೆಯಿಂದ ಬರುತ್ತಿದೆ. ಅಂದರೆ ಸೀಲ್, ಅಥವಾ ವಾಲ್ವ್ ಕಡ್ಡಿ ಜಾರುವ ಕೊಳವೆಯಾದ ಗೈಡ್. ಸುತ್ತಲೂ ಒಂದೇ ಸಮ ಒದ್ದೆಯಾಗಿದ್ದರೆ ಕೆಳಗಿನಿಂದ, ರಿಂಗ್ ಕಡೆಯಿಂದ ಬರುತ್ತಿರುವ ಸಾಧ್ಯತೆ ಹೆಚ್ಚು. ಇದೊಂದರಿಂದಲೇ ತೀರ್ಮಾನ ಮಾಡಬೇಡಿ, ಒಂದು ಸಾಕ್ಷಿ ಅಂತ ಇಟ್ಟುಕೊಳ್ಳಿ.

ಸಾಲನ್ನೂ ಓದಿ. ಮೂರರಲ್ಲಿ ಒಂದೇ ಪ್ಲಗ್ ಒದ್ದೆ ಅಂದರೆ ಆ ಒಂದು ಸಿಲಿಂಡರ್‌ನದ್ದೇ ತೊಂದರೆ. ಎಲ್ಲವೂ ಒಂದೇ ಥರ ಅಂದರೆ ಮೊದಲು ಅನುಮಾನ ಪಡಬೇಕಾದ್ದು ಪಿಸಿವಿ, ತಪ್ಪು ಗ್ರೇಡಿನ ತೆಳು ಆಯಿಲ್, ಅಥವಾ ಗುರುತು ಮೀರಿ ತುಂಬಿದ ಆಯಿಲ್.

ಗಾಡಿ ಮಿಸ್ ಹೊಡೆಯುತ್ತಿದ್ದರೆ ಎಂಜಿನ್‌ನ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿ. ಪಿ0301 ಅಂದರೆ ಒಂದನೇ ಸಿಲಿಂಡರ್, ಪಿ0302 ಎರಡನೆಯದು, ಹೀಗೆ. ಪಿ0300 ಅಂದರೆ ಯಾವುದು ಅಂತ ನಿಗದಿಯಿಲ್ಲ. ಎರಡನೆಯದರ ಪ್ಲಗ್ಗನ್ನು ಮೂರಕ್ಕೆ, ಮೂರರದ್ದನ್ನು ಎರಡಕ್ಕೆ ಹಾಕಿ ನೋಡಿ. ಕೋಡ್ ಪ್ಲಗ್ ಹಿಂದೆಯೇ ಹೋದರೆ ತಕ್ಷಣದ ಕಾರಣ ಪ್ಲಗ್, ಅಲ್ಲೇ ಉಳಿದರೆ ಕಾಯಿಲ್, ಇಂಜೆಕ್ಟರ್ ಅಥವಾ ಕಂಪ್ರೆಷನ್. ಚೆಕ್ ಎಂಜಿನ್ ಲೈಟ್ ಮಿನುಗುತ್ತಿದ್ದರೆ ಓಡಿಸಬೇಡಿ. ಸುಡದ ಪೆಟ್ರೋಲ್ ಕನ್ವರ್ಟರ್‌ಗೆ ಹೋಗಿ ಅದನ್ನು ಬೇಯಿಸಿಬಿಡುತ್ತದೆ.

ಪಿಸಿವಿ ಮತ್ತು ಬ್ಯಾಕ್ ಕಂಪ್ರೆಷನ್

ಪಿಸ್ಟನ್ ಪಕ್ಕದಿಂದ ಸ್ವಲ್ಪ ಗ್ಯಾಸ್ ಯಾವ ಎಂಜಿನ್‌ನಲ್ಲೂ ಕೆಳಗೆ ಸೋರುತ್ತದೆ. ಅದನ್ನು ಮತ್ತೆ ಇಂಟೇಕ್‌ಗೆ ಎಳೆದು ಸುಡುವುದು ಪಿಸಿವಿ ವಾಲ್ವ್‌ನ ಕೆಲಸ. ಬಹಳ ಗಾಡಿಗಳಲ್ಲಿ ಅದು ಟ್ಯಾಪೆಟ್ ಕವರ್ ಮೇಲೆ ಹೆಬ್ಬೆರಳಷ್ಟು ಗಾತ್ರದಲ್ಲಿ ಕೂತಿರುತ್ತದೆ, ಅದರಿಂದ ಇಂಟೇಕ್‌ಗೆ ಒಂದು ಪೈಪ್. ಇದು ತೆರೆದೇ ಸಿಕ್ಕಿಕೊಂಡರೆ ಆಯಿಲ್ ಮಂಜನ್ನೂ ಗ್ಯಾಸ್ ಜೊತೆ ಹೀರುತ್ತದೆ. ಮುಚ್ಚಿ ಸಿಕ್ಕಿಕೊಂಡರೆ ಒಳಗೆ ಒತ್ತಡ ಏರಿ ಸೀಲ್‌ಗಳಲ್ಲೆಲ್ಲ ಸೋರಿಕೆ.

ವಾಲ್ವ್ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ. ಬಹುತೇಕ ವಾಲ್ವ್‌ಗಳು ಟಕ ಟಕ ಅನ್ನಬೇಕು, ಅನ್ನದಿದ್ದರೆ ಅಂಟಿಕೊಂಡಿದೆ. ಎಂಜಿನ್ ಐಡಲ್‌ನಲ್ಲಿರುವಾಗ ಬಾಯಿಗೆ ಬೆರಳು ಇಟ್ಟರೆ ಎಳೆತ ಗೊತ್ತಾಗಬೇಕು. ಥ್ರಾಟಲ್ ಬಾಡಿಯ ಮುಂದಿನ ರಬ್ಬರ್ ಪೈಪ್ ಬಿಚ್ಚಿ ಬೆರಳಾಡಿಸಿ. ತೆಳು ಜಿಡ್ಡು ಮಾಮೂಲು, ಆಯಿಲ್ ನಿಂತು ಹರಿಯುತ್ತಿದ್ದರೆ ಮಾಮೂಲಲ್ಲ. ಪಿಸಿವಿಯ ಬೆಲೆ ಕಮ್ಮಿ, ಕೈಯಲ್ಲೇ ಬದಲಾಯಿಸಬಹುದು. ಅನುಮಾನ ಇದ್ದರೂ ಹೊಸದು ಹಾಕಿ, ಮತ್ತೆ 500 ಕಿ.ಮೀ. ಅಳತೆ ಮಾಡಿ. ಉಳಿದದ್ದೆಲ್ಲ ಆಮೇಲೆ.

ಪಿಸಿವಿ ಸರಿ ಇದ್ದರೆ ಬ್ಯಾಕ್ ಕಂಪ್ರೆಷನ್ ನೋಡಿ, ಅಂದರೆ ರಿಂಗ್ ದಾಟಿ ಕೆಳಗೆ ಸೋರಿದ ಗ್ಯಾಸ್ ಆಯಿಲ್ ಹಾಕುವ ಬಾಯಿಯಿಂದ ಹೊರಗೆ ತಳ್ಳುತ್ತಿದೆಯಾ ಅಂತ. ಬಿಸಿ ಎಂಜಿನ್ ಐಡಲ್‌ನಲ್ಲಿ ಓಡುತ್ತಿರಲಿ. ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ಆ ಬಾಯಿಯ ಮೇಲೆ ಸುಮ್ನೆ ಒಂದು ಪ್ಲಾಸ್ಟಿಕ್ ಕವರಿನ ತುಂಡು ಇಡಿ. ಮೆಲ್ಲಗೆ ಒಳಕ್ಕೆ ಎಳೆದುಕೊಂಡರೆ ಒಳ್ಳೆಯದು. ಪಟಪಟ ಅಂತ ಹಾರಿಸಿ, ಹೊಗೆ ಬುಸುಗುಟ್ಟಿ ಬಂದರೆ ರಿಂಗ್ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ಇಲ್ಲಿ ಒಂದು ಮಾತು. ಮುಚ್ಚಳವನ್ನು ಎಂಜಿನ್ ಮೇಲೆ ತಿರುಗಿಸಿಟ್ಟು, ಅದು ಕುಣಿಯುವುದನ್ನು ತೋರಿಸಿ "ನೋಡಿ, ಎಂಜಿನ್ ಹೋಗಿದೆ" ಅನ್ನುವುದು ಹಳೇ ಗಾಡಿ ಖರೀದಿಯಲ್ಲಿ ಬೆಲೆ ಇಳಿಸುವ ಆಟ. ಕ್ಯಾಮ್ ತಿರುಗುವ ರಭಸಕ್ಕೆ, ಎಂಜಿನ್‌ನ ನಡುಕಕ್ಕೆ ಮುಚ್ಚಳ ಸ್ವಲ್ಪ ಕುಣಿದೇ ಕುಣಿಯುತ್ತದೆ.

ಕಂಪ್ರೆಷನ್ ಟೆಸ್ಟ್, ಮತ್ತು ಅದು ಹೇಳದೆ ಬಿಡುವುದು

ಸಿಲಿಂಡರ್ ಒಳಗೆ ಎಷ್ಟು ಒತ್ತಡ ಕಟ್ಟುತ್ತದೆ ಅಂತ ಅಳೆಯುವ ಗೇಜ್ ಬೆಂಗಳೂರಿನ ಜೆ.ಸಿ. ರೋಡಿನಲ್ಲೂ ಸಿಗುತ್ತದೆ, ಆನ್‌ಲೈನಲ್ಲೂ ಸಿಗುತ್ತದೆ. ಗ್ಯಾರೇಜಿನಲ್ಲಿ ಮಾಡಿಸುವುದಾದರೂ ವಿಧಾನ ನಿಮಗೆ ಗೊತ್ತಿರಲಿ. ಇದನ್ನು ಬಿಸಿ ಎಂಜಿನ್‌ನಲ್ಲಿ ಮಾಡಬೇಕು. ಹಾಗಾಗಿ ತಣ್ಣಗಿದ್ದಾಗಲೇ ಪ್ಲಗ್ ಸಡಿಲಿಸಿ, ಮತ್ತೆ ಹದವಾಗಿ ಕೂರಿಸಿ, ಎಂಜಿನ್ ಬಿಸಿ ಮಾಡಿ, ಆಮೇಲೆ ಎಲ್ಲ ಪ್ಲಗ್ ತೆಗೆಯಿರಿ. ಫ್ಯೂಯಲ್ ಪಂಪ್ ಫ್ಯೂಸ್ ಕೀಳಿ, ಕಾಯಿಲ್ ಕನೆಕ್ಟರ್ ಬಿಚ್ಚಿ. ಪ್ಲಗ್ ತೂತಿನ ಹತ್ತಿರ ಕಿಡಿ ಹಾರಿದರೆ ಬೆಂಕಿ ಹತ್ತುತ್ತದೆ. ಬ್ಯಾಟರಿ ಪೂರ್ತಿ ಚಾರ್ಜ್ ಇರಲಿ. ಒಬ್ಬರು ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಗೇಜಿನ ಮುಳ್ಳು ಏರುವುದು ನಿಲ್ಲುವ ತನಕ, ಸುಮಾರು ಆರು ಸುತ್ತು, ಸೆಲ್ಫ್ ಹೊಡೆಯಬೇಕು. ತಂತಿಯಿಲ್ಲದ ಎಲೆಕ್ಟ್ರಾನಿಕ್ ಥ್ರಾಟಲ್ ಇದ್ದರೂ ಕಾಲು ಒತ್ತಿಯೇ ಇರಿ.

ಆಯಿಲ್ ತುಂಬಿದ ಸಿಲಿಂಡರ್ ಇದ್ದರೆ ಗೇಜ್ ಹಾಕುವ ಮುಂಚೆ ಒಂದು ಸಲ ತೂತಿನ ಮೇಲೆ ಬಟ್ಟೆ ಹಾಕಿ ಸೆಲ್ಫ್ ಹೊಡೆದು, ನಿಂತಿರುವ ಆಯಿಲನ್ನು ಹೊರಗೆ ಹಾಕಿಸಿ. ಆ ಆಯಿಲ್ಲೇ ರಿಂಗ್ ಸಂದು ಮುಚ್ಚಿ ಓದನ್ನು ಹೆಚ್ಚು ತೋರಿಸುತ್ತದೆ.

ಸಣ್ಣ ಪೆಟ್ರೋಲ್ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 150ರಿಂದ 200 ಪಿಎಸ್‌ಐ ಬರುತ್ತದೆ. ನಿಖರವಾದ ಅಂಕಿ ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುವಲ್‌ನಲ್ಲಿ ಇರುತ್ತದೆ. ಅಂಕಿಗಿಂತ ಮುಖ್ಯ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ. 10ರಿಂದ 15 ಶೇಕಡಕ್ಕಿಂತ ಜಾಸ್ತಿ ಇರಬಾರದು. 175, 170, 120 ಬಂತು ಅನ್ನಿ. ಮೂರನೆಯದರಲ್ಲಿ ಏನೋ ಇದೆ. ಈಗ ಅದರೊಳಗೆ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. 120 ಇದ್ದದ್ದು 160ಕ್ಕೆ ಏರಿದರೆ ರಿಂಗ್ ಅಥವಾ ಬೋರ್ (ಸಿಲಿಂಡರ್‌ನ ಒಳಗೋಡೆ) ಸವೆದಿದೆ. ಏರದಿದ್ದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ, ಅಥವಾ ಹೆಡ್ ಗ್ಯಾಸ್ಕೆಟ್.

ಇಷ್ಟು ಬಹಳ ಗ್ಯಾರೇಜಿನವರಿಗೆ ಗೊತ್ತು. ಎಡವುವುದು ಮುಂದಿನದರಲ್ಲಿ. ಕಂಪ್ರೆಷನ್ ಸರಿ ಬಂದರೆ "ರಿಂಗ್ ಸರಿ ಇದೆ, ಸೀಲ್ ಮಾತ್ರ ಹಾಕೋಣ" ಅಂತಾರೆ. ಸೀಲ್ ಹಾಕಿದ ಮೇಲೂ ಆಯಿಲ್ ಹೋಗುತ್ತಲೇ ಇರುತ್ತದೆ. ಯಾಕಂದ್ರೆ ಪಿಸ್ಟನ್‌ನಲ್ಲಿ ಮೂರು ರಿಂಗ್ ಇರುತ್ತವೆ. ಕಂಪ್ರೆಷನ್ ಹಿಡಿಯುವುದು ಮೇಲಿನ ಎರಡು. ಗೋಡೆಯ ಮೇಲಿನ ಆಯಿಲನ್ನು ಕೆರೆದು ಕೆಳಗೆ ಕಳಿಸುವುದು ಮೂರನೆಯದು, ಆಯಿಲ್ ರಿಂಗ್. ಅದು ಸಾಮಾನ್ಯವಾಗಿ ಎರಡು ತೆಳು ಪಟ್ಟಿ, ನಡುವೆ ಒಂದು ಸ್ಪ್ರಿಂಗ್ ಇರುವ ಜೋಡಣೆ. ಅದರ ಹಿಂದೆ ಪಿಸ್ಟನ್‌ನಲ್ಲಿ ಸಣ್ಣ ತೂತುಗಳು. ಆಯಿಲ್ ಬದಲಾಯಿಸದೆ ತಳ್ಳಿಕೊಂಡು ಬಂದ ಗಾಡಿಗಳಲ್ಲಿ ಆ ತೂತು ಇಂಗಾಲದಿಂದ ಕಟ್ಟಿಕೊಳ್ಳುತ್ತದೆ, ರಿಂಗ್ ತಾನು ಕೂರುವ ತೋಡಿನಲ್ಲೇ ಅಂಟಿಕೊಂಡುಬಿಡುತ್ತದೆ. ಕಂಪ್ರೆಷನ್ 175 ಇರುತ್ತದೆ, ಪಿಕಪ್ ಚೆನ್ನಾಗಿರುತ್ತದೆ, ಬ್ಯಾಕ್ ಕಂಪ್ರೆಷನ್ ಇರುವುದಿಲ್ಲ, ಆಯಿಲ್ ಮಾತ್ರ ಮಾಯ.

ಇದು ಬಡ ಗಾಡಿಗಳ ಕಾಯಿಲೆಯಲ್ಲ. ಟೊಯೊಟಾದ 2.4 ಲೀಟರ್ 2ಎಝಡ್-ಎಫ್‌ಇ ಎಂಜಿನ್ ಇದಕ್ಕೆ ಹೆಸರಾಗಿತ್ತು. ಅಮೆರಿಕದಲ್ಲಿ ಆ ಕಂಪನಿ 1,200 ಮೈಲಿಗೆ 1 ಕ್ವಾರ್ಟ್‌ಗಿಂತ, ಅಂದರೆ ಸುಮಾರು 1,900 ಕಿ.ಮೀ.ಗೆ 0.95 ಲೀಟರ್‌ಗಿಂತ, ಜಾಸ್ತಿ ಕುಡಿಯುವ ಗಾಡಿಗಳಿಗೆ ಪಿಸ್ಟನ್ ಮತ್ತು ರಿಂಗ್ ಬದಲಾಯಿಸಿ ಕೊಡುವ ವ್ಯವಸ್ಥೆ ಮಾಡಬೇಕಾಯಿತು. ಹೋಂಡಾದ ವಿ6 ಕತೆ ಇನ್ನೂ ಸ್ವಾರಸ್ಯ. ಪೆಟ್ರೋಲ್ ಉಳಿಸಲು ಕೆಲವು ಸಿಲಿಂಡರ್‌ಗಳನ್ನು ಮಲಗಿಸುವ ವಿಸಿಎಂ ವ್ಯವಸ್ಥೆ ಇದ್ದ 2008ರಿಂದ 2013ರ ನಡುವಿನ ಕೆಲವು ಒಡಿಸ್ಸಿ, ಪೈಲಟ್, ಅಕಾರ್ಡ್‌ಗಳಲ್ಲಿ ರಿಂಗ್‌ಗಳು ತಿರುಗಿ ಅವುಗಳ ಸಂದುಗಳು ಒಂದೇ ಸಾಲಿಗೆ ಬಂದು, ಆಯಿಲ್ ಮೇಲೆ ಬಂದು ಪ್ಲಗ್ ಕೆಡುತ್ತಿತ್ತು. ಪಿ0301ರಿಂದ ಪಿ0304ರ ತನಕ, ಅಂದರೆ ಒಂದರಿಂದ ನಾಲ್ಕನೇ ಸಿಲಿಂಡರ್‌ಗಳಲ್ಲೇ. ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ ಕಂಪನಿ ಇದಕ್ಕೆ ವಾರಂಟಿಯನ್ನು 8 ವರ್ಷಕ್ಕೆ ವಿಸ್ತರಿಸಿತು. ಅಮೆರಿಕದಲ್ಲಿರುವ ಕನ್ನಡದವರಲ್ಲಿ ಹಳೇ ಒಡಿಸ್ಸಿ ಇಟ್ಟುಕೊಂಡವರು ಈ ನಾಲ್ಕು ಪ್ಲಗ್‌ಗಳನ್ನು ಒಮ್ಮೆ ನೋಡಿಕೊಳ್ಳಿ.

ಇನ್ನೂ ಗೊಂದಲ ಉಳಿದರೆ ಲೀಕ್-ಡೌನ್ ಟೆಸ್ಟ್. ಪಿಸ್ಟನ್ನನ್ನು ಮೇಲಿನ ತುದಿಗೆ ತಂದು, ಎರಡೂ ವಾಲ್ವ್ ಮುಚ್ಚಿರುವಾಗ, ಪ್ಲಗ್ ತೂತಿನಿಂದ ಗಾಳಿ ಬಿಡುತ್ತಾರೆ. ಸುಯ್ ಅನ್ನುವ ಸದ್ದು ಆಯಿಲ್ ಬಾಯಿಯಲ್ಲಿ ಕೇಳಿದರೆ ರಿಂಗ್, ಸೈಲೆನ್ಸರ್‌ನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್, ಥ್ರಾಟಲ್‌ನಲ್ಲಿ ಕೇಳಿದರೆ ಇಂಟೇಕ್ ವಾಲ್ವ್, ರೇಡಿಯೇಟರ್‌ನಲ್ಲಿ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್. ಫೋನಿಗೆ ಸಿಕ್ಕಿಸುವ ಸಣ್ಣ ಕ್ಯಾಮೆರಾ ಸಿಕ್ಕರೆ ಪ್ಲಗ್ ತೂತಿನಿಂದ ಇಳಿಸಿ ಪಿಸ್ಟನ್ ತಲೆ ನೋಡಿ. ತಲೆಯ ಅಂಚಿನ ಸುತ್ತ ಇಂಗಾಲ ತೊಳೆದು ಹೋಗಿ ಲೋಹ ಹೊಳೆಯುತ್ತಿದ್ದರೆ ಆಯಿಲ್ ಕೆಳಗಿನಿಂದ, ರಿಂಗ್ ದಾಟಿ ಬರುತ್ತಿದೆ.

ಸಿಕ್ಕ ಮೇಲೆ ಏನು?

ಸೀಲ್ ಅಂತ ಖಚಿತವಾದರೆ ಬಹಳ ಎಂಜಿನ್‌ಗಳಲ್ಲಿ ಹೆಡ್ ಇಳಿಸದೆಯೇ ಬದಲಾಯಿಸಬಹುದು. ಪ್ಲಗ್ ತೂತಿನಿಂದ ಗಾಳಿಯ ಒತ್ತಡ ಕೊಟ್ಟು ಅಥವಾ ನೈಲಾನ್ ಹಗ್ಗ ತುಂಬಿ ವಾಲ್ವ್ ಕೆಳಗೆ ಬೀಳದ ಹಾಗೆ ಹಿಡಿದು, ಸ್ಪ್ರಿಂಗ್ ಬಿಚ್ಚಿ, ಸೀಲ್ ಹಾಕುತ್ತಾರೆ. ಸೀಲ್‌ಗೆ ದುಡ್ಡು ಕಮ್ಮಿ, ಕೂಲಿಯೇ ಜಾಸ್ತಿ. ವಾಲ್ವ್ ಕಡ್ಡಿಯನ್ನು ಆ ಕಡೆ ಈ ಕಡೆ ಅಲ್ಲಾಡಿಸಿ ನೋಡಲು ಹೇಳಿ. ಗೈಡ್ ಸವೆದು ಆಟ ಬಂದಿದ್ದರೆ ಹೊಸ ಸೀಲ್ ಬೇಗ ಮತ್ತೆ ಹೋಗುತ್ತದೆ, ಆಗ ಹೆಡ್ ಲೇತಿಗೆ ಹೋಗಲೇಬೇಕು.

ಕಂಪ್ರೆಷನ್ ಚೆನ್ನಾಗಿದ್ದು ಆಯಿಲ್ ರಿಂಗ್ ಅಂಟಿದೆ ಅನ್ನಿಸಿದರೆ, ಎಂಜಿನ್ ಬಿಚ್ಚುವ ಮುಂಚೆ ನೆನೆಹಾಕುವ ಪ್ರಯೋಗ ಮಾಡಬಹುದು. ನಾಲ್ಕು ಸಿಲಿಂಡರ್ ಎಂಜಿನ್ನಾದರೆ ಎಲ್ಲ ಪಿಸ್ಟನ್ ಮಧ್ಯಕ್ಕೆ ಬರುವ ಹಾಗೆ ತಿರುಗಿಸಿ. ಮೂರು ಸಿಲಿಂಡರ್‌ನಲ್ಲಿ ಹಾಗೆ ನಿಲ್ಲಿಸಲು ಆಗುವುದಿಲ್ಲ, ಪರವಾಗಿಲ್ಲ. ಎಂಜಿನ್ ಉಗುರುಬೆಚ್ಚಗಿರುವಾಗ ಇಂಗಾಲ ಕರಗಿಸುವ ದ್ರವವನ್ನು ಡಬ್ಬಿಯ ಮೇಲೆ ಹೇಳಿದ ಅಳತೆಯಲ್ಲಿ ಪ್ರತಿ ತೂತಿಗೂ ಬಿಟ್ಟು ರಾತ್ರಿಯಿಡೀ ಬಿಡಿ. ಬೆಳಗ್ಗೆ ಪ್ಲಗ್ ಹಾಕುವ ಮುಂಚೆಯೇ, ತೂತಿನ ಮೇಲೆ ಬಟ್ಟೆ ಹಾಕಿ ಸೆಲ್ಫ್ ಹೊಡೆದು ಉಳಿದದ್ದನ್ನು ಹೊರಗೆ ಹಾಕಿಸಿ. ಇದನ್ನು ಮರೆತರೆ ದ್ರವ ಒತ್ತಲಾಗದೆ ಕನೆಕ್ಟಿಂಗ್ ರಾಡ್ ಬಾಗಬಹುದು. ಪಂಪ್ ಫ್ಯೂಸ್, ಕಾಯಿಲ್ ಇಲ್ಲೂ ಬಿಚ್ಚಿರಬೇಕು. ಕೆಳಗಿಳಿದ ದ್ರವ ಸಂಪ್‌ಗೆ ಸೇರಿರುತ್ತದೆ, ಆದ್ದರಿಂದ ಆ ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಿಯೇ ಓಡಿಸಿ. ಮೊದಲ ಸ್ಟಾರ್ಟ್ ಬಯಲಿನಲ್ಲಿ ಮಾಡಿ, ಹೊಗೆ ಅಕ್ಕಪಕ್ಕದವರು ಓಡಿಬರುವಷ್ಟು ಬರುತ್ತದೆ. ಇದು ಗ್ಯಾರಂಟಿ ಮದ್ದಲ್ಲ. ಕೆಲವು ಎಂಜಿನ್ ಸುಧಾರಿಸುತ್ತವೆ, ಕೆಲವು ಕೇಳುವುದೇ ಇಲ್ಲ. ಬಿಚ್ಚುವ ಖರ್ಚಿನ ಮುಂದೆ ಒಂದು ಸಲ ಮಾಡಿ ನೋಡಲು ಅಡ್ಡಿಯಿಲ್ಲ.

ಕಂಪ್ರೆಷನ್ ಇಳಿದು, ಆಯಿಲ್ ಬಿಟ್ಟಾಗ ಏರಿ, ಬ್ಯಾಕ್ ಕಂಪ್ರೆಷನ್ನೂ ಇದ್ದರೆ ಈ ಪ್ರಯೋಗಗಳಿಗೆ ದುಡ್ಡು ಹಾಕಬೇಡಿ. ಬಿಚ್ಚಲೇಬೇಕು. ಆದರೆ ಬೋರ್ ಅಳೆಯದೆ ಬರೀ ಹೊಸ ರಿಂಗ್ ಹಾಕಲು ಒಪ್ಪಬೇಡಿ. ಲೇತಿನವರು ಬೋರ್ ಗೇಜ್ ಇಟ್ಟು ಮೇಲೆ, ನಡುವೆ, ಕೆಳಗೆ ಅಳೆದ ಅಂಕಿಗಳನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಅಳತೆ ಮಿತಿಯೊಳಗಿದ್ದರೆ ಹೋನಿಂಗ್ (ಗೋಡೆಯನ್ನು ಹಗುರವಾಗಿ ಉಜ್ಜುವುದು) ಮಾಡಿ ರಿಂಗ್ ಹಾಕಬಹುದು. ಮೀರಿದ್ದರೆ ರೀಬೋರ್, ಅಂದರೆ ಬೋರನ್ನು ಕೊರೆದು ಅಗಲ, ಮಾಡಿ 0.25 ಅಥವಾ 0.50 ಎಂಎಂ ಓವರ್‌ಸೈಜ್ ಪಿಸ್ಟನ್, ಅದು ಸಿಗದ ಎಂಜಿನ್‌ಗಳಿಗೆ ಹಾಫ್ ಎಂಜಿನ್, ಅಂದರೆ ಪಿಸ್ಟನ್ ಸಮೇತ ಬರುವ ಕೆಳಗಿನ ಅರ್ಧ. ಹೆಡ್ ಇಳಿದಿರುವಾಗ ಸೀಲ್‌ಗಳನ್ನೂ ಹಾಕಿಸಿಬಿಡಿ. ಏರ್ ಫಿಲ್ಟರ್ ಪೆಟ್ಟಿಗೆಯನ್ನೂ ಬಿಡಬೇಡಿ. ಫಿಲ್ಟರ್ ಹರಿದಿದ್ದರೆ ಅಥವಾ ಕ್ಲಿಪ್ ಮುರಿದು ಸಂದು ಬಿಟ್ಟಿದ್ದರೆ ಮಣ್ಣುರಸ್ತೆಯ ಧೂಳು ಹೊಸ ರಿಂಗನ್ನೂ ತಿಂದುಹಾಕುತ್ತದೆ.

ದಪ್ಪ ಆಯಿಲ್ ಹಾಕುವುದು, ಇನ್ನೂ ಬಿಸಿ ಗ್ರೇಡಿನ ಪ್ಲಗ್ ಹಾಕುವುದು, ಆಯಿಲ್ ದಪ್ಪ ಮಾಡುವ ಡಬ್ಬಿ ಸುರಿಯುವುದು, ಇವೆಲ್ಲ ಕಾಲ ತಳ್ಳುವ ಉಪಾಯ. ಪ್ಲಗ್ ತುದಿ ಸುಮಾರು 450 ಡಿಗ್ರಿ ದಾಟಿದರೆ ತನ್ನ ಮೇಲಿನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ, ಬಿಸಿ ಪ್ಲಗ್‌ನ ಲಾಭ ಇಷ್ಟೇ. ಅದೇ ಪ್ಲಗ್ ಹೈವೇಯಲ್ಲಿ ಅತಿಯಾಗಿ ಕಾದು ಪಿಸ್ಟನ್‌ಗೆ ಅಪಾಯ ತರಬಹುದು. ಮುಂದಿನ ವರ್ಷ ಮಾರುವ ಹಳೇ ಗಾಡಿಗೆ ಮ್ಯಾನ್ಯುವಲ್ ಒಪ್ಪುವ ಗ್ರೇಡುಗಳಲ್ಲೇ ಒಂದು ಮೆಟ್ಟಿಲು ದಪ್ಪದ್ದು ಹಾಕಿ ಅನ್ನುತ್ತೇನೆ. ಅದಕ್ಕಿಂತ ಮುಂದೆ ಹೋಗಬೇಡಿ.

ರಿಪೇರಿ ಆದ ಮೇಲೆ ಪ್ಲಗ್ ಹೊಸದೇ ಹಾಕಿ. ಹಳೆಯದನ್ನು ತಂತಿ ಬ್ರಷ್‌ನಲ್ಲಿ ಉಜ್ಜಿದರೆ ಪಿಂಗಾಣಿ ಮೇಲೆ ಲೋಹದ ಗೀರು ಉಳಿದು ಕಿಡಿ ಅದರ ಮೇಲೆ ಹರಿಯುತ್ತದೆ. ಇರಿಡಿಯಂ ಪ್ಲಗ್‌ನ ಸೂಜಿಯಂಥ ತುದಿಯಂತೂ ಮುರಿದೇ ಹೋಗುತ್ತದೆ. ಪ್ಲಗ್ಗನ್ನು ಕೈಯಲ್ಲೇ ಪೂರ್ತಿ ತಿರುಗಿಸಿ ಕೂರಿಸಿ. ವಾಷರ್ ಇರುವ 14 ಎಂಎಂ ಚೂಡಿಯ ಹೊಸ ಪ್ಲಗ್ಗಾದರೆ ಆಮೇಲೆ ಪಾನದಲ್ಲಿ ಅರ್ಧದಿಂದ ಮುಕ್ಕಾಲಿಗೆ ಸ್ವಲ್ಪ ಕಮ್ಮಿ ಸುತ್ತು ಸಾಕು. ವಾಷರ್ ಇಲ್ಲದ, ಕೋನದ ತಳದ ಪ್ಲಗ್‌ಗೆ ಹದಿನಾರನೇ ಒಂದು ಸುತ್ತು ಮಾತ್ರ. ಆಮೇಲೆ ಮೊದಲಿನ ಹಾಗೇ ಡಿಪ್‌ಸ್ಟಿಕ್ ಅಳತೆ. ಹೊಸ ರಿಂಗ್ ಹಾಕಿದ್ದರೆ ಅವು ಬೋರಿಗೆ ಹೊಂದಿಕೊಳ್ಳುವ ತನಕ ಸ್ವಲ್ಪ ಆಯಿಲ್ ಹೋಗುವುದು ಸಹಜ. ಮೊದಲ 1000 ಕಿ.ಮೀ.ಗೆ ಆಯಿಲ್ ಬದಲಾಯಿಸಿ, ಲೆಕ್ಕ ಅಲ್ಲಿಂದ ಶುರುಮಾಡಿ.

ಸದ್ಯಕ್ಕೆ ರಿಪೇರಿ ಬೇಡ, ಹೀಗೇ ಓಡಿಸುತ್ತೇನೆ ಅನ್ನುವವರು ಡಿಕ್ಕಿಯಲ್ಲಿ ಅದೇ ಗ್ರೇಡಿನ 1 ಲೀಟರ್ ಆಯಿಲ್ ಇಟ್ಟುಕೊಂಡು, ಬಂಕ್‌ಗೆ ಹೋದಾಗಲೆಲ್ಲ ಡಿಪ್‌ಸ್ಟಿಕ್ ನೋಡಿ. ಆಯಿಲ್‌ನಲ್ಲಿರುವ ರಂಜಕ ಕನ್ವರ್ಟರನ್ನು ನಿಧಾನವಾಗಿ ಹಾಳು ಮಾಡುತ್ತದೆ, ಒಂದು ದಿನ ಎಮಿಷನ್ ಟೆಸ್ಟ್‌ನಲ್ಲಿ ಅದು ಗೊತ್ತಾಗುತ್ತದೆ. ಮತ್ತೆ, ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪವನ್ನು ನಂಬಿ ಕೂರಬೇಡಿ. ಬಹುತೇಕ ಗಾಡಿಗಳಲ್ಲಿ ಅದು ಲೆವೆಲ್ ದೀಪ ಅಲ್ಲ, ಪ್ರೆಷರ್ ದೀಪ. ಅದು ಹತ್ತುವ ಹೊತ್ತಿಗೆ ಪಂಪ್‌ಗೆ ಆಯಿಲ್ ಸಿಗುತ್ತಿಲ್ಲ. ಮುಂದಿನ ಬಂಕ್ ತನಕ ಹೋಗೋಣ ಅನ್ನದೆ, ಅಲ್ಲೇ ಎಡಕ್ಕೆ ತಗೊಂಡು ಎಂಜಿನ್ ಆಫ್ ಮಾಡಿ.